ಅಲುಗಾಡದವನಿಗೇ ಚಿನ್ನ

"ನಾನು 1904ರಲ್ಲಿ ಇರ್ಬೇಕಿತ್ತು ಕಣ್ರೋ. ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನಲ್ಲಿ ಈಜಿನ ಒಂದು ಚಿನ್ನ ನಂದೇ ಆಗಿರೋದು," ಅಂದ ಶೀನ.

ವಿಜಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ನಡುಭಾಗ ದಾಟಲು ಕಣ್ಣಿಗೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. "ನಿಂಗೆ ಈಜೇ ಬರಲ್ವಲ್ಲೋ?"

"ಬರಬೇಕಾಗಿಲ್ಲ. ದಡದಿಂದ ಧುಮುಕೋದು, ಆಮೇಲೆ ಕೈಕಾಲು ಆಡಿಸೋ ಹಾಗಿಲ್ಲ. ಮುಖ ನೀರಲ್ಲಿಟ್ಕೊಂಡು ಸುಮ್ನೆ ತೇಲ್ತಾ ಇರೋದು. ಒಂದು ನಿಮಿಷದಲ್ಲಿ ಯಾರು ಜಾಸ್ತಿ ದೂರ ಹೋಗ್ತಾರೋ ಅವ್ರಿಗೆ ಚಿನ್ನ."

ಇವನು ಬುರುಡೆ ಬಿಡುತ್ತಿದ್ದಾನೆ ಅಂತ ನಾವೆಲ್ಲ ನಿವೃತ್ತ ಪಿ.ಟಿ. ಮೇಷ್ಟ್ರ ಮುಖ ನೋಡಿದೆವು. ಅವರು ಬೇಸರದಿಂದಲೇ ಒಪ್ಪಿಕೊಂಡರು. "ಹೂಂ, ಇತ್ತು. ಪ್ಲಂಜ್ ಅಂತ. ಒಲಿಂಪಿಕ್ಸ್‌ನಲ್ಲಿ ಅದೊಂದೇ ಸಲ. ಸ್ಪರ್ಧೆಗೆ ಇಳಿದವರು ಐದೇ ಜನ, ಐವರೂ ಅಮೆರಿಕದವರು. ಗೆದ್ದವನು ವಿಲಿಯಂ ಡಿಕ್ಕಿ, ಅರವತ್ತೆರಡೂವರೆ ಅಡಿ. ಅದಕ್ಕೂ ಈಜಿಗೂ ಏನಯ್ಯ ಸಂಬಂಧ?"

"ಯಾವುದು ಈಜು, ಯಾವುದು ಅಲ್ಲ ಅಂತ ಹೇಳೋಕೆ ಯಾರು ಸಾರ್ ಪಟ್ಟ ಕಟ್ಟಿಸ್ಕೊಂಡಿರೋರು?" ಶೀನ ಎದ್ದು ಕೂತ. ಅವನ ಮಟ್ಟಿಗೆ ಅದೇ ಒಂದು ಕ್ರೀಡೆ. "1844ರಲ್ಲಿ ಉತ್ತರ ಅಮೆರಿಕದ ಒಜಿಬ್ವೆ ಜನರಲ್ಲಿ ಇಬ್ಬರನ್ನ ಲಂಡನ್ನಿಗೆ ಕರೆಸಿ ಈಜಿಸಿದ್ರು. ಒಬ್ಬನ ಹೆಸರು ಫ್ಲೈಯಿಂಗ್ ಗಲ್, ಇನ್ನೊಬ್ಬ ಟೊಬ್ಯಾಕೊ. ಗಲ್ ನೂರಾಮೂವತ್ತು ಅಡಿ ಕೊಳವನ್ನ ಮೂವತ್ತೇ ಸೆಕೆಂಡಲ್ಲಿ ದಾಟಿದ. ಪೇಪರಿನವರು ಏನು ಬರೆದ್ರು ಗೊತ್ತಾ? ಗಾಳಿಯಂತ್ರದ ರೆಕ್ಕೆ ಥರ ಕೈ ಬೀಸಿ ನೀರು ಬಡೀತಾರೆ, ಇದು ಯುರೋಪಿನವರ ರೀತಿಯೇ ಅಲ್ಲ ಅಂತ!"

"ಅಂದ್ರೆ ಫ್ರೀಸ್ಟೈಲು?"

"ಹತ್ತತ್ರ ಅದೇ. ದೊರೆಗಳಿಗೆ ನೀರು ಎರಚೋದು ಅಸಭ್ಯ. ಕಪ್ಪೆ ಥರ ಈಜೋ ಬ್ರೆಸ್ಟ್‌ಸ್ಟ್ರೋಕೇ ಮರ್ಯಾದೆ. 1875ರಲ್ಲಿ ಕ್ಯಾಪ್ಟನ್ ವೆಬ್ ಇಂಗ್ಲಿಷ್ ಕಾಲುವೆ ದಾಟಿದ್ದೂ ಅದರಲ್ಲೇ, ಇಪ್ಪತ್ತೊಂದು ಮುಕ್ಕಾಲು ಗಂಟೆ. ಮರ್ಯಾದೆ ಉಳಿಸ್ಕೊಂಡೇ ದಾಟಿದ."

ವಿಜಿಗೂ ಹುರುಪು ಬಂತು. "1900ರ ಪ್ಯಾರಿಸ್‌ನಲ್ಲಿ ಅಡೆತಡೆ ಈಜು ಅಂತ ಒಂದಿತ್ತಲ್ವಾ ಸಾರ್? ಸೀನ್ ನದಿಯಲ್ಲಿ ಒಂದು ಕಂಬ ಹತ್ತಿ ಇಳೀಬೇಕು, ದೋಣಿಗಳ ಮೇಲೆ ಹತ್ತಿ ದಾಟಬೇಕು, ಮತ್ತೊಂದಷ್ಟು ದೋಣಿಗಳ ಅಡಿಯಲ್ಲಿ ನುಸೀಬೇಕು."

"ಸಂಜೆ ಆರು ಗಂಟೆಗೆ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತೋ ಹಾಗೆ," ಅಂದೆ ನಾನು.

"ಗೆದ್ದವನು ಆಸ್ಟ್ರೇಲಿಯಾದ ಫ್ರೆಡರಿಕ್ ಲೇನ್," ವಿಜಿ ಮುಂದುವರಿಸಿದಳು. " ಅದಕ್ಕೂ ಹಿಂದೆ, 1896ರಲ್ಲಿ, ಅಥೆನ್ಸ್ ಹತ್ತಿರ ಸಮುದ್ರದಲ್ಲೇ ಈಜಿಸಿದ್ರು. ಕೊರೆಯೋ ನೀರು. ಹಂಗೇರಿಯ ಹಾಯೋಷ್ ಮೈಗೆಲ್ಲ ಗ್ರೀಸು ಬಳ್ಕೊಂಡು ಇಳಿದು ಎರಡು ಚಿನ್ನ ತಗೊಂಡ. ಗೆಲ್ಲೋ ಆಸೆಗಿಂತ ಬದುಕೋ ಆಸೆಯೇ ಜಾಸ್ತಿಯಾಗಿತ್ತು ಅಂತ ಆಮೇಲೆ ಹೇಳಿದ್ನಂತೆ."

ಮೇಷ್ಟ್ರಿಗೆ ಇದೆಲ್ಲ ತಮಾಷೆಯಾಗಿ ಕಾಣಲಿಲ್ಲ. "ನಿಯಮ ಅಂತ ಬಂದಮೇಲೆ ಸರಿಹೋಯ್ತು," ಅಂದರು. ಅಲ್ಲಿಗೆ ಶೀನನ ಬಾಯಿಗೆ ತಾವಾಗಿ ಬಿದ್ದರು.

"ಎಲ್ಲಿ ಸರಿಹೋಯ್ತು ಸಾರ್? ಬ್ರೆಸ್ಟ್‌ಸ್ಟ್ರೋಕಲ್ಲಿ ಎರಡೂ ಕೈ ಒಟ್ಟಿಗೆ ಹೋಗಬೇಕು ಅಂದ್ರು. ನೀರಿನ ಮೇಲಿಂದ ತರಬೇಡಿ ಅಂತ ಯಾರೂ ಬರೆದಿರಲಿಲ್ಲ. ಸರಿ, ಹಾರಿಸ್ಕೊಂಡು ಬಂದ್ರು. ವಿಧಿಯಿಲ್ಲದೆ ಅದಕ್ಕೆ ಬಟರ್‌ಫ್ಲೈ ಅಂತ ಬೇರೆ ಮನೆ ಮಾಡಿಕೊಟ್ರು, 1956ಕ್ಕೆ ಒಲಿಂಪಿಕ್ಸ್‌ಗೂ ಬಂತು. ಅದೇ ಮೆಲ್ಬರ್ನ್‌ನಲ್ಲಿ ಜಪಾನಿನ ಫುರುಕಾವಾ ಬ್ರೆಸ್ಟ್‌ಸ್ಟ್ರೋಕನ್ನ ಬಹುಪಾಲು ನೀರೊಳಗೇ ಈಜಿ ಚಿನ್ನ ಹೊಡೆದ. ತಕ್ಷಣ ಅದಕ್ಕೂ ಬೇಲಿ. 2009ರಲ್ಲಿ ರೋಮ್‌ನಲ್ಲಿ ಪಾಲಿಯುರೇಥೇನ್ ಅನ್ನೋ ಪ್ಲಾಸ್ಟಿಕ್ಕಿನ ಈಜುಬಟ್ಟೆ ಹಾಕ್ಕೊಂಡು ನಲವತ್ಮೂರು ವಿಶ್ವದಾಖಲೆ ಮುರಿದ್ರು, ಮರುವರ್ಷ ಬಟ್ಟೆಗೇ ನಿಷೇಧ. ಈಜೋರು ಮುಂದೆ, ನಿಯಮ ಹಿಂದೆ ಏದುಸಿರು ಬಿಡ್ತಾ."

"ಮತ್ತೆ ರೋಮು ಅಂದ್ಯಲ್ಲ, 1960ರ ಕಥೆ ಹೇಳ್ತೀನಿ ಕೇಳು," ಮೇಷ್ಟ್ರು ಈಗ ತಾವೇ ನೀರಿಗಿಳಿದರು. ಸ್ಟಾಪ್‌ವಾಚ್ ವಿಷಯ ಬಂದರೆ ಅವರನ್ನು ಹಿಡಿಯುವವರಿಲ್ಲ. "ನೂರು ಮೀಟರ್ ಫ್ರೀಸ್ಟೈಲ್. ಅಮೆರಿಕದ ಲಾರ್ಸನ್‌ಗೆ ಮೂರು ಗಡಿಯಾರ: 55.0, 55.1, 55.1. ಆಸ್ಟ್ರೇಲಿಯಾದ ಡೆವಿಟ್‌ಗೂ ಮೂರು, ಮೂರರಲ್ಲೂ 55.2. ಚಿನ್ನ ಯಾರಿಗೆ?"

"ಲಾರ್ಸನ್‌ಗೆ."

"ಡೆವಿಟ್‌ಗೆ! ಕಣ್ಣಲ್ಲಿ ನೋಡಿದ ತೀರ್ಪುಗಾರರಲ್ಲಿ ಅರ್ಧ ಹೀಗೆ, ಅರ್ಧ ಹಾಗೆ. ಮುಖ್ಯ ತೀರ್ಪುಗಾರ ಡೆವಿಟ್ ಕಡೆ ವಾಲಿದ. ಗಡಿಯಾರ ಬೇರೆ ಹೇಳ್ತಿದೆಯಲ್ಲ ಅಂದ್ರೆ, ಲಾರ್ಸನ್ ಸಮಯವನ್ನೂ 55.2 ಅಂತ ತಿದ್ದಿದ್ರು!"

"ಆಮೇಲೆ ಗೋಡೆಗೆ ವಿದ್ಯುತ್ ಫಲಕ ಬಂತಲ್ಲ, ಮುಟ್ಟಿದ್ರೆ ಸಮಯ," ಅಂದಳು ವಿಜಿ. "ಅದೂ ಅತಿಯಾಯ್ತು. 1972ರಲ್ಲಿ ಮ್ಯೂನಿಕ್‌ನಲ್ಲಿ 400 ಮೀಟರ್ ಮೆಡ್ಲೆ, ಅಂದ್ರೆ ನಾಲ್ಕೂ ಶೈಲಿಯಲ್ಲಿ ಈಜೋ ಸ್ಪರ್ಧೆ. ಸ್ವೀಡನ್ನಿನ ಲಾರ್ಸನ್ 4:31.981, ಅಮೆರಿಕದ ಮೆಕ್ಕೀ 4:31.983."

"ಮತ್ತೆ ಲಾರ್ಸನ್ನಾ?"

"ಇವನು ಬೇರೆ, ಇವನಿಗೆ ಅದೃಷ್ಟ ಇತ್ತು." ವಿಜಿ ಮೊಬೈಲಲ್ಲಿ ಲೆಕ್ಕ ಹಾಕಿದಳು. "ಆ ವ್ಯತ್ಯಾಸ ಅಂದ್ರೆ ಸುಮಾರು ಮೂರು ಮಿಲಿಮೀಟರ್. ಪಾಪ, ಮೆಕ್ಕೀ ಆ ವಾರ ಉಗುರು ಕತ್ತರಿಸದೇ ಇದ್ದಿದ್ರೆ ಚಿನ್ನ ಬರ್ತಿತ್ತು."

"ಕೊಳ ಕಟ್ಟಿದ ಗಾರೆಯವನೇ ಮೂರು ಮಿಲಿಮೀಟರ್ ಹಿಂದೆಮುಂದೆ ಮಾಡಿರ್ತಾನೆ!" ಶೀನ ಕೂಗಿದ.

"ಅದಕ್ಕೇ ಈಗ ಸೆಕೆಂಡಿನ ನೂರನೇ ಭಾಗಕ್ಕೆ ನಿಲ್ಲಿಸಿದ್ದಾರೆ," ಅಂದರು ಮೇಷ್ಟ್ರು. "ಅಲ್ಲಿವರೆಗೂ ಸಮ ಬಂದ್ರೆ ಪದಕ ಎಲ್ಲರಿಗೂ. 2016ರ ರಿಯೋದಲ್ಲಿ ನೂರು ಮೀಟರ್ ಬಟರ್‌ಫ್ಲೈ ನೋಡಿಲ್ವಾ? ಫೆಲ್ಪ್ಸ್, ಲೆ ಕ್ಲೋ, ಚೆಹ್, ಮೂವರೂ 51.14. ಮೂವರಿಗೂ ಬೆಳ್ಳಿ, ಕಂಚೇ ಇಲ್ಲ."

ಮಾಣಿ ಬಿಲ್ ತಂದಿಟ್ಟ. ಶೀನ ಅದನ್ನು ಮೆಲ್ಲಗೆ ಮೇಜಿನ ನಡುವಿಗೆ ತಳ್ಳಿದ. "ಹಾಗಾದ್ರೆ ಇದನ್ನೂ ಸಮ ಅಂತ ಹಂಚ್ಕೊಂಡುಬಿಡೋಣ."

"ಅಲ್ಲಿ ಎಲ್ಲರೂ ಒಂದೇ ದೂರ ಈಜಿದ್ರು ಕಣಯ್ಯ," ಅಂದರು ಮೇಷ್ಟ್ರು. "ನೀನು ಎರಡು ಮಸಾಲೆ ದೋಸೆ ಜಾಸ್ತಿ ಈಜಿದ್ದೀಯ."