ಅಪ್ಪನವರ ಪದ್ಮಿನಿಗೆ ಮೆತ್ತಗೆ ಓಡುವ ಟೈರು ಯಾವುದು? ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ಕೇಶ್ವಾಪುರ, ಹುಬ್ಬಳ್ಳಿ

ನಮಸ್ಕಾರ. ನಮ್ಮ ಮನೆಯಲ್ಲಿ ಅಪ್ಪನವರು ಕೊಂಡ 1982ರ ಪ್ರೀಮಿಯರ್ ಪದ್ಮಿನಿ ಇದೆ. ಎಂಜಿನ್ ಕೆಲಸ ಕಳೆದ ವರ್ಷ ಮುಗಿದು ಗಾಡಿ ಈಗ ಚೆನ್ನಾಗಿ ಓಡುತ್ತಿದೆ. ಆದರೆ ಟೈರುಗಳು ಬಹಳ ಹಳೆಯವು. ಸಣ್ಣ ಗುಂಡಿಗೆ ಇಳಿದರೂ ಹೊಡೆತ ಸ್ಟೇರಿಂಗಿನಿಂದ ಭುಜದ ತನಕ ಬರುತ್ತದೆ. ತಿಂಗಳಿಗೆ ಎರಡು ಸಲವಾದರೂ ಅವ್ವ ಮತ್ತು ಅಪ್ಪನವರನ್ನು ಕೂರಿಸಿಕೊಂಡು ಗದಗಿಗೆ ಹೋಗಿ ಬರಬೇಕಾಗುತ್ತದೆ, ಅವ್ವನಿಗೆ ಸೊಂಟದ ನೋವಿದೆ. ಒಂದು ಅಂಗಡಿಯಲ್ಲಿ ಅಗಲವಾದ 175/65 ಅಳತೆಯದನ್ನು ಹಾಕಿಸಿದರೆ ಹೊಸ ಕಾರಿನಂತೆ ಓಡುತ್ತದೆ ಎಂದರು. ಇನ್ನೊಂದರಲ್ಲಿ ಹಳೆಯ ನೈಲಾನ್ ಟೈರನ್ನೇ ಹುಡುಕಿ ತನ್ನಿ ಎಂದರು. ಯಾರ ಮಾತು ಕೇಳಬೇಕೆಂದು ತಿಳಿಯದಾಗಿದೆ. ಹಳೆಯ ಗಾಡಿ ಇಟ್ಟುಕೊಂಡವರು ದಯವಿಟ್ಟು ನಿಮ್ಮ ಅನುಭವವನ್ನು ಬರೆಯಿರಿ.

ಧಾರವಾಡದಿಂದ

ನನ್ನ ಬಳಿಯೂ ಪದ್ಮಿನಿಯೇ ಇದೆ. ಹತ್ತೊಂಬತ್ತು ವರ್ಷಗಳಲ್ಲಿ ಮೂರು ಸೆಟ್ ಟೈರು ಬದಲಿಸಿದ್ದೇನೆ, ಮೂರೂ ಬೇರೆ ಬೇರೆ ಬಗೆಯವು. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಈಗಿರುವ ಟೈರಿನ ವಯಸ್ಸು ನೋಡಿರಿ. ಬದಿಯಲ್ಲಿ ಡಿ.ಒ.ಟಿ. ಎಂಬ ಅಕ್ಷರಗಳ ಸಾಲಿನ ಕೊನೆಗೆ ಉದ್ದುರುಟಾದ ಚೌಕಟ್ಟಿನೊಳಗೆ ನಾಲ್ಕು ಅಂಕೆಗಳಿರುತ್ತವೆ. ಮೊದಲ ಎರಡು ವಾರ, ಮುಂದಿನ ಎರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದು ಅರ್ಥ. ಈ ಅಂಕೆಗಳು ಟೈರಿನ ಒಂದೇ ಬದಿಗೆ ಇರುವುದುಂಟು, ಹೊರಗೆ ಕಾಣದಿದ್ದರೆ ಗಾಡಿಯ ಕೆಳಗೆ ಬ್ಯಾಟರಿ ಹಿಡಿದು ಒಳಬದಿಯನ್ನು ನೋಡಬೇಕು. ನಮ್ಮ ಹಳೆಯ ಗಾಡಿಗಳು ವರ್ಷಕ್ಕೆ ಎರಡು ಮೂರು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಆದ್ದರಿಂದ ಹಲ್ಲು ಸವೆಯುವುದೇ ಇಲ್ಲ, ರಬ್ಬರು ಮಾತ್ರ ಬಿಸಿಲಿಗೂ ಗಾಳಿಗೂ ಗಟ್ಟಿಯಾಗುತ್ತಾ ಹೋಗುತ್ತದೆ. ಕಾನೂನಿನ ಪ್ರಕಾರ ಹಲ್ಲಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು, ಅದಕ್ಕಿಂತ ಎಷ್ಟೋ ಹೆಚ್ಚು ಆಳ ಉಳಿದಿದ್ದರೂ ಹತ್ತು ವರ್ಷ ದಾಟಿದ ಟೈರನ್ನು ನಾನು ಇಟ್ಟುಕೊಳ್ಳುವುದಿಲ್ಲ. ನಿಮಗೆ ಬರುತ್ತಿರುವ ಹೊಡೆತದ ಅರ್ಧ ಭಾಗ ಈ ಗಟ್ಟಿಯಾದ ರಬ್ಬರಿನದೇ ಇರಬೇಕು. ಉಗುರಿನಿಂದ ಹಲ್ಲನ್ನು ಒತ್ತಿ ನೋಡಿ: ಹೊಸ ಟೈರು ಒಂದಿಷ್ಟು ಒಪ್ಪಿಕೊಳ್ಳುತ್ತದೆ, ಹಳೆಯದು ಚಪ್ಪಲಿ ಅಟ್ಟೆಯಂತೆ ನಿಲ್ಲುತ್ತದೆ.

ಇನ್ನು ಅಳತೆಯ ಮಾತು. ಪದ್ಮಿನಿಗೆ ಕಾರ್ಖಾನೆಯಿಂದ ಬಂದದ್ದು 5.20-14 ನೈಲಾನ್ ಟೈರು. ಅಂದರೆ ಅಗಲ 5.20 ಇಂಚು, ಸುಮಾರು 132 ಮಿಲಿಮೀಟರ್, ಒಳಗೆ 14 ಇಂಚಿನ ಡಿಸ್ಕು, ಅಂದರೆ ಟೈರು ಕೂರುವ ಲೋಹದ ಗಾಲಿ. ಆ ಕಾಲದ ಟೈರಿನಲ್ಲಿ ಬದಿಯ ಎತ್ತರಕ್ಕೂ ಅಗಲಕ್ಕೂ ಹೆಚ್ಚು ಅಂತರವಿರಲಿಲ್ಲ, ಹಾಗಾಗಿ ನೆಲದಿಂದ ಮೇಲಿನ ಅಂಚಿನ ತನಕ ಪೂರ್ತಿ ಟೈರು ಸುಮಾರು 61 ಸೆಂಟಿಮೀಟರ್ ಬರುತ್ತದೆ. ಹೊಸ ಟೈರು ಕೊಳ್ಳುವಾಗ ಈ ಎತ್ತರವನ್ನು ಕಾಯ್ದುಕೊಳ್ಳಬೇಕು. 155/80 ಆರ್ 14 ಎಂದರೆ ಅಗಲ 155 ಮಿಲಿಮೀಟರ್, ಬದಿಯ ಎತ್ತರ ಅದರ ಶೇಕಡಾ 80, ಅಂದರೆ 124 ಮಿಲಿಮೀಟರ್, ಡಿಸ್ಕು 14 ಇಂಚು. ಅದರ ಎರಡರಷ್ಟಕ್ಕೆ ಡಿಸ್ಕಿನ 356 ಮಿಲಿಮೀಟರ್ ಕೂಡಿಸಿದರೆ 604. ಇದೇ ಲೆಕ್ಕದಲ್ಲಿ 165/80 ಆರ್ 14ಕ್ಕೆ ಬದಿ 132, ಪೂರ್ತಿ ಎತ್ತರ 620. ನಿಮಗೆ ಅಂಗಡಿಯವರು ಹೇಳಿದ 175/65 ಆರ್ 14ಕ್ಕೆ ಬದಿ 114 ಮಿಲಿಮೀಟರ್ ಮಾತ್ರ, ಎತ್ತರ 583. ಗಾಡಿಯ ಹೊಟ್ಟೆ ನೆಲಕ್ಕೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಹತ್ತಿರವಾಗುತ್ತದೆ, ಮೀಟರ್ 60 ತೋರಿಸುವಾಗ ನಿಜವಾಗಿ 57ರ ಹತ್ತಿರ ಓಡುತ್ತಿರುತ್ತೀರಿ, ಎಂಜಿನ್ ಎಲ್ಲ ವೇಗದಲ್ಲೂ ಸ್ವಲ್ಪ ಹೆಚ್ಚು ತಿರುಗಬೇಕಾಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಹೊಡೆತ ನುಂಗುವುದು ಟೈರಿನ ಬದಿಯಲ್ಲಿರುವ ಹವಾ. ಬದಿಯನ್ನೇ ಕಡಿಮೆ ಮಾಡಿಕೊಂಡ ಮೇಲೆ ಅವ್ವನವರ ಸೊಂಟಕ್ಕೆ ಆರಾಮ ಎಲ್ಲಿಂದ ಬರಬೇಕು? ಅಗಲ ಹೆಚ್ಚಾದರೆ ಪವರ್ ಸ್ಟೇರಿಂಗ್ ಇಲ್ಲದ ನಮ್ಮ ಗಾಡಿಯನ್ನು ನಿಂತಲ್ಲೇ ತಿರುಗಿಸುವುದೂ ಕಷ್ಟ. ನನ್ನ ಮೊದಲ ಸೆಟ್ಟಿನಲ್ಲಿ ನಾನು ಮಾಡಿದ ತಪ್ಪು ಇದೇ, ಒಂದೂವರೆ ವರ್ಷದಲ್ಲಿ ತೆಗೆಸಿದೆ.

165/80 ಆರ್ 14 ಸಿಗುವುದಕ್ಕೆ ತೊಂದರೆಯಿಲ್ಲ. ಮಾರುತಿಯ ಸ್ವಿಫ್ಟ್ ಮತ್ತು ಡಿಸೈರ್ ಗಾಡಿಗಳ ಕೆಲವು ಮಾದರಿಗಳಿಗೆ ಅದೇ ಅಳತೆ ಬಂದಿರುವುದರಿಂದ ಹುಬ್ಬಳ್ಳಿಯ ಯಾವ ದೊಡ್ಡ ಅಂಗಡಿಯಲ್ಲೂ ಹೊಸ ತಾರೀಖಿನ ಮಾಲು ದೊರೆಯುತ್ತದೆ. 155 ಸಿಕ್ಕರೆ ಅದು ಮೂಲ ಅಳತೆಗೆ ಇನ್ನೂ ಹತ್ತಿರ, ಸ್ಟೇರಿಂಗೂ ಹಗುರ. ಆದರೆ ಆ ಅಳತೆ ಹುಡುಕಿ ಹುಡುಕಿ ಕೊನೆಗೆ ನಾಲ್ಕು ವರ್ಷ ಗೋದಾಮಿನಲ್ಲಿ ಬಿದ್ದ ಟೈರನ್ನು ತರುವುದಕ್ಕಿಂತ ಹೊಸದಾದ 165 ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. 165 ಹಾಕಿಸುವ ಮೊದಲು ಒಂದು ಗಾಲಿಯನ್ನು ಮಾತ್ರ ಕೂರಿಸಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಆಮೇಲೆ ಅದನ್ನೇ ಹಿಂದಕ್ಕೆ ಹಾಕಿ ಸೀಟಿನಲ್ಲಿ ಮೂವರನ್ನು ಕೂರಿಸಿ, ಮಡ್‌ಗಾರ್ಡಿಗೆ ಎಲ್ಲಿಯೂ ತಾಗುವುದಿಲ್ಲವೆಂದು ಕಣ್ಣಾರೆ ನೋಡಿಕೊಳ್ಳಿ. ಡಿಸ್ಕಿನ ಅಗಲ ಅದರ ಮೇಲೆಯೇ ಒತ್ತಿರುತ್ತದೆ, ತುಕ್ಕು ಉಜ್ಜಿ ಓದಿಕೊಂಡು ಅಂಗಡಿಯವರಿಗೆ ಹೇಳಿ.

ನೈಲಾನೋ ರೇಡಿಯಲ್ಲೋ ಎಂಬುದಕ್ಕೆ ನನ್ನ ಉತ್ತರ ರೇಡಿಯಲ್. ನೈಲಾನ್ ಟೈರಿನಲ್ಲಿ ದಾರದ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾಯ್ದು ಬದಿ ಮತ್ತು ಹಲ್ಲು ಒಂದೇ ಮೈಯಾಗಿರುತ್ತವೆ. ಬದಿ ಬಾಗಿದರೆ ಹಲ್ಲಿನ ಭಾಗವೂ ಸೊಟ್ಟಗಾಗುತ್ತದೆ, ಗಾಡಿ ರಸ್ತೆಯ ಗೆರೆ ಹಿಡಿದು ಅತ್ತಿತ್ತ ಎಳೆಯುತ್ತದೆ. ರೇಡಿಯಲ್‌ನಲ್ಲಿ ದಾರಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಹೋಗಿ, ಹಲ್ಲಿನ ಕೆಳಗೆ ಮಾತ್ರ ಉಕ್ಕಿನ ತಂತಿಯ ಪಟ್ಟಿ ಇರುತ್ತದೆ. ಆದ್ದರಿಂದ ಬದಿ ಧಾರಾಳವಾಗಿ ಬಾಗಿದರೂ ಹಲ್ಲು ನೆಲಕ್ಕೆ ಚಪ್ಪಟೆಯಾಗಿ ಕೂತಿರುತ್ತದೆ. ಒಂದು ವಿಷಯವನ್ನು ಮುಚ್ಚಿಡಬಾರದು: ಇಪ್ಪತ್ತು ಮೂವತ್ತರ ವೇಗದಲ್ಲಿ ಚೂಪಾದ ಅಂಚಿನ ಮೇಲೆ ಹತ್ತಿದಾಗ ಆ ಉಕ್ಕಿನ ಪಟ್ಟಿಯ ಧಡ್ ಎನ್ನುವ ಸದ್ದು ನೈಲಾನಿಗಿಂತ ಜೋರಾಗಿಯೇ ಕೇಳುತ್ತದೆ. ನಲವತ್ತು ದಾಟಿದ ಮೇಲೆ ಗದಗಿನ ದಾರಿಯಲ್ಲಿ ಆಗುವ ವ್ಯತ್ಯಾಸ ಮಾತ್ರ ದೊಡ್ಡದು.

ಟ್ಯೂಬಿನ ವಿಷಯದಲ್ಲಿ ಎಚ್ಚರ ಇರಲಿ. ನಮ್ಮ ಡಿಸ್ಕುಗಳು ಟ್ಯೂಬಿಗಾಗಿಯೇ ಮಾಡಿದಂಥವು. ಟ್ಯೂಬ್‌ಲೆಸ್ ಟೈರನ್ನು ಅಂಚಿನಲ್ಲಿ ಹಿಡಿದಿಡುವ ಉಬ್ಬು ಅವುಗಳಲ್ಲಿ ಇರುವುದಿಲ್ಲ. ಆದ್ದರಿಂದ ರೇಡಿಯಲ್ ಟೈರಿನೊಳಗೂ ರೇಡಿಯಲ್‌ಗೆಂದೇ ಮಾಡಿದ, ಅಳತೆಗೆ ಸರಿಯಾದ ಹೊಸ ಟ್ಯೂಬ್ ಹಾಕಿಸಬೇಕು. ಎರಡನೆಯ ಸೆಟ್ ಹಾಕಿಸಿದ ನಾಲ್ಕನೆಯ ತಿಂಗಳಲ್ಲಿ ಅಣ್ಣಿಗೇರಿ ದಾಟಿದ ಮೇಲೆ ನನ್ನ ಗಾಡಿಯ ಹಿಂದಿನ ಎಡಗಾಲಿ ಮೆಲ್ಲಗೆ ಕುಸಿಯಿತು. ಪಂಚರ್ ಅಂಗಡಿಯವರು ಟೈರು ಬಿಚ್ಚಿದಾಗ ಒಳಗಿನಿಂದ ಹಿಡಿಯಷ್ಟು ಕಪ್ಪು ಪುಡಿ ಉದುರಿತು, ಮೊಳೆ ಎಲ್ಲಿಯೂ ಇರಲಿಲ್ಲ. ಟ್ಯೂಬಿನ ಮೇಲೆ ಅಂಚೆಚೀಟಿಯಷ್ಟು ಜಾಗ ಕನ್ನಡಿಯಂತೆ ನುಣುಪಾಗಿ ಸವೆದು, ಅದರ ನಡುವೆ ಸೂಜಿ ಚುಚ್ಚಿದಂಥ ತೂತು. ಟೈರಿನ ಒಳಮೈಗೆ ಕಾರ್ಖಾನೆಯಲ್ಲಿ ಅಂಟಿಸಿದ್ದ ಕಾಗದದ ಚೀಟಿಯನ್ನು ತೆಗೆಯದೆ ಟ್ಯೂಬ್ ತುರುಕಿದ್ದರು, ಅದರ ಅಂಚು ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ಟ್ಯೂಬನ್ನು ತಿಂದಿತ್ತು. ಅಂದಿನಿಂದ ಟೈರು ಹಾಕಿಸುವಾಗ ನಾನು ಪಕ್ಕದಲ್ಲಿಯೇ ನಿಲ್ಲುತ್ತೇನೆ. ಚೀಟಿ ಕಿತ್ತು, ಒಳಮೈಯನ್ನು ಕೈಯಿಂದ ಸವರಿ ಗೀರು ಉಬ್ಬು ಇಲ್ಲವೆಂದು ಖಾತ್ರಿ ಮಾಡಿಕೊಂಡು, ಟಾಲ್ಕಂ ಪುಡಿ ಹಾಕಿಸಿದ ಮೇಲೆಯೇ ಟ್ಯೂಬ್ ಒಳಗೆ ಹೋಗುತ್ತದೆ.

ಕೊನೆಯದಾಗಿ ಹವಾ. ರೇಡಿಯಲ್ ಟೈರು ಸರಿಯಾಗಿ ತುಂಬಿದಾಗಲೂ ಕೆಳಗೆ ಬದಿ ಸ್ವಲ್ಪ ಉಬ್ಬಿ ಕಾಣುತ್ತದೆ. ಬಂಕಿನ ಹುಡುಗರು ಅದನ್ನು ನೋಡಿ ಹವಾ ಕಡಿಮೆಯಿದೆ ಎಂದು 35ರ ತನಕ ತುಂಬಿಬಿಡುತ್ತಾರೆ, ಆಮೇಲೆ ಗಾಡಿ ಚಕ್ಕಡಿಯಂತೆ ಕುಣಿಯುತ್ತದೆ. ನಾನು ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಟೈರು ತಣ್ಣಗಿರುವಾಗ, ನನ್ನದೇ ಗೇಜಿನಿಂದ ನೋಡಿ ಮುಂದೆ 26, ಹಿಂದೆ 28 ಇಡುತ್ತೇನೆ. ಹಿಂದೆ ಮೂವರು ಕೂತು ಸಾಮಾನೂ ಇದ್ದರೆ ಹಿಂದಕ್ಕೆ 30. ಮೆತ್ತಗಾಗಲಿ ಎಂದು ಇದಕ್ಕಿಂತ ಬಹಳ ಇಳಿಸಬೇಡಿ. ಬೇಸಿಗೆಯಲ್ಲಿ ಬದಿ ಅತಿಯಾಗಿ ಬಾಗಿ ಕಾದರೆ ಟೈರು ಒಡೆಯುವ ಅಪಾಯವಿದೆ.

ಗದಗಿನಿಂದ

ಧಾರವಾಡದವರು ಬರೆದದ್ದನ್ನು ಪೂರ್ತಿ ಓದಿದೆ. ನಮ್ಮ ಮಾವನವರ ಅಂಬಾಸಡರ್ ಗಾಡಿಯನ್ನು ಈಗ ನಾನೇ ಓಡಿಸುತ್ತೇನೆ. ಅದರ ಮೂಲ ಅಳತೆ 5.90-15. ಮಾವನವರಿಗೆ ಗಾಡಿ ಬಂದಾಗ ಇದ್ದಂತೆಯೇ ಇರಬೇಕೆಂಬ ಆಸೆ, ಹಾಗಾಗಿ ಮೂರು ವರ್ಷದ ಹಿಂದೆ ನೈಲಾನ್ ಟೈರುಗಳನ್ನೇ ಹಾಕಿಸಿದೆವು. ನೋಡಲು ಅವೇ ಚೆಂದ ಎಂಬುದನ್ನು ಒಪ್ಪುತ್ತೇನೆ. ಊರೊಳಗೆ, ಲಕ್ಕುಂಡಿಯ ತನಕ ಹೋಗಿ ಬರುವಷ್ಟಕ್ಕೆ, ಅವು ನಿಜವಾಗಿಯೂ ಮೆತ್ತಗಿವೆ.

ತೊಂದರೆ ಬೇರೆ ಕಡೆ ಇದೆ. ಗಾಡಿ ಎರಡು ವಾರ ನಿಂತಲ್ಲೇ ನಿಂತರೆ ನೈಲಾನ್ ದಾರ ಭಾರಕ್ಕೆ ಒಗ್ಗಿ ಟೈರಿನ ಕೆಳಭಾಗ ಚಪ್ಪಟೆಯಾಗುತ್ತದೆ. ಮರುದಿನ ಹೊರಟಾಗ ಮೊದಲ ಐದಾರು ಕಿಲೋಮೀಟರ್ ಗಾಲಿ ಚೌಕವಾಗಿದೆಯೇನೋ ಎಂಬಂತೆ ದಬದಬ ಬಡಿಯುತ್ತದೆ, ಕಾದ ಮೇಲೆ ಸರಿಹೋಗುತ್ತದೆ. ನಾವು ಈಗ ವಾರಕ್ಕೊಮ್ಮೆ ಗಾಡಿಯನ್ನು ಕಾಲು ಸುತ್ತಿನಷ್ಟು ಮುಂದೆ ತಳ್ಳಿ ನಿಲ್ಲಿಸುತ್ತೇವೆ. ಮಳೆಗಾಲದ ಎರಡು ತಿಂಗಳು ಓಡಿಸದಿದ್ದರೆ ನಾಲ್ಕೂ ಕಡೆ ಜಾಕ್ ಸ್ಟ್ಯಾಂಡ್ ಕೊಟ್ಟು ಎತ್ತಿಡುತ್ತೇವೆ. ನೀವು ತಿಂಗಳಿಗೆ ಎರಡೇ ಸಲ ಹೊರಡುವವರು, ನಿಮಗೆ ಈ ಕಾಟ ಪ್ರತಿ ಸಲವೂ ಆಗುತ್ತದೆ.

ಇನ್ನೊಂದು ಮಾತು. ಖರ್ಚು ಉಳಿಸಲು ಈಗ ಎರಡು, ಮುಂದೆ ಎರಡು ಎಂದು ಕೊಳ್ಳುವ ವಿಚಾರ ನಮಗೂ ಬಂದಿತ್ತು. ಒಂದೇ ಆಕ್ಸಲ್ಲಿನಲ್ಲಿ ಒಂದು ನೈಲಾನ್ ಒಂದು ರೇಡಿಯಲ್ ಎಂದಿಗೂ ಬೇಡ. ಮುಂದೆ ರೇಡಿಯಲ್, ಹಿಂದೆ ನೈಲಾನ್ ಇನ್ನೂ ಅಪಾಯಕಾರಿ, ಏಕೆಂದರೆ ತಿರುವಿನಲ್ಲಿ ಮುಂಭಾಗ ಹಿಡಿದುಕೊಂಡು ಹಿಂಭಾಗ ಜಾರುತ್ತದೆ. ನಾಲ್ಕನ್ನೂ, ಸಾಧ್ಯವಾದರೆ ಸ್ಟೆಪ್ನಿಯನ್ನೂ ಸೇರಿಸಿ ಐದನ್ನೂ, ಒಂದೇ ಸಲ ಬದಲಿಸಿ.

ಹಾವೇರಿಯಿಂದ

ಗದಗಿನ ಅಕ್ಕನವರು ಮತ್ತು ಧಾರವಾಡದವರು ಟೈರಿನ ಬಗ್ಗೆ ಹೇಳಿದ್ದಕ್ಕೆ ನಾನು ಸೇರಿಸುವುದೇನೂ ಇಲ್ಲ. ಆದರೆ ಎಲ್ಲ ಹೊಡೆತವೂ ಟೈರಿನದಲ್ಲ. ನಮ್ಮ ಕಡೆಯ ರಸ್ತೆಗಳು ಎರೆ ಮಣ್ಣಿನ ಮೇಲೆ ಹಾಸಿದವು. ಮಳೆಗೆ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಡಾಂಬರು ಅಲೆಅಲೆಯಾಗಿ ಏಳುತ್ತದೆ. ಆ ಉದ್ದನೆಯ ಅಲೆಗಳನ್ನು ನುಂಗುವುದು ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್, ಸಣ್ಣ ಚೂಪು ಅಂಚುಗಳು ಮಾತ್ರ ಟೈರಿನ ಪಾಲಿನವು. ಗಾಡಿಯ ಒಂದೊಂದು ಮೂಲೆಯನ್ನು ಭಾರ ಹಾಕಿ ಒತ್ತಿ ಬಿಡಿ. ಒಂದು ಸಲ ಮೇಲೆದ್ದು ನಿಂತರೆ ಶಾಕ್ ಅಬ್ಸಾರ್ಬರ್ ಸರಿಯಿದೆ, ಎರಡು ಮೂರು ಸಲ ಕುಣಿದರೆ ಹೋಗಿದೆ. ಹಿಂದಿನ ಪಾಟಾಗಳ, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗುಗಳ, ನಡುವೆ ತುಕ್ಕು ಹಿಡಿದು ಆ ಎಲೆಗಳು ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಯಾವ ಟೈರು ಹಾಕಿದರೂ ಹಿಂದೆ ಕೂತವರಿಗೆ ಕಟ್ಟಿಗೆ ಹಲಗೆಯ ಮೇಲೆ ಕೂತಂತೆಯೇ. ನಾನು ಪಾಟಾ ಬಿಚ್ಚಿಸಿ, ಉಜ್ಜಿಸಿ, ಗ್ರೀಸ್ ಹಾಕಿಸಿ, ರಬ್ಬರ್ ಬುಷ್ ಬದಲಿಸಿದ ದಿನವೇ ನಮ್ಮ ತಾಯಿಯವರು ಕೇಳದೆ ತಾವಾಗಿಯೇ ಹೇಳಿದರು, ಇವತ್ತು ಗಾಡಿ ಬೇರೆಯೇ ಇದೆ ಎಂದು.

ಟೈರು ಹಾಕಿಸುವ ಮೊದಲು ಡಿಸ್ಕು ಬಾಗಿದೆಯೇ ನೋಡಿಸಿ. ಜಾಕ್ ಕೊಟ್ಟು, ಅಂಚಿನ ಹತ್ತಿರ ಸೀಮೆಸುಣ್ಣವನ್ನು ಅಲುಗದಂತೆ ಹಿಡಿದು ಗಾಲಿ ತಿರುಗಿಸಿದರೆ, ಸುತ್ತ ಒಂದೇ ಸಮನೆ ಗೆರೆ ಬೀಳಬೇಕು. ಒಂದೇ ಕಡೆ ಬಿದ್ದರೆ ಆ ಡಿಸ್ಕಿಗೆ ಬ್ಯಾಲೆನ್ಸಿಂಗ್ ಮಾಡಿಸಿ ಪ್ರಯೋಜನವಿಲ್ಲ. ರೇಡಿಯಲ್ ಹಾಕಿದ ಮೇಲೆ ಅಲೈನ್‌ಮೆಂಟ್ ಮಾಡಿಸುವಾಗ, ನೈಲಾನಿಗೆ ಇಡುತ್ತಿದ್ದಷ್ಟು ಟೋ-ಇನ್ (ಮುಂದಿನ ಗಾಲಿಗಳ ಮುಂಭಾಗ ಒಳಕ್ಕೆ ವಾಲಿರುವ ಅಳತೆ) ಸಾಮಾನ್ಯವಾಗಿ ಬೇಡ, ಕಡಿಮೆ ಇಡಲು ಹೇಳಿ.

ಮತ್ತೆ ಕೇಶ್ವಾಪುರದಿಂದ

ಎಲ್ಲರಿಗೂ ಮನಃಪೂರ್ವಕ ನಮಸ್ಕಾರಗಳು. ನಿನ್ನೆ ಭಾನುವಾರ ಬ್ಯಾಟರಿ ಹಿಡಿದು ನಾಲ್ಕೂ ಟೈರು ನೋಡಿದೆ. ಮೂರರಲ್ಲಿ 4110, ಒಂದರಲ್ಲಿ 0908. ಅಂದರೆ ಒಂದು 2008ರದ್ದು, ಅದು ಅವ್ವ ಕೂರುವ ಕಡೆಯ ಹಿಂದಿನ ಗಾಲಿ. ಹಿಂದಿನ ಬಲಮೂಲೆಯನ್ನು ಒತ್ತಿ ಬಿಟ್ಟರೆ ಗಾಡಿ ಮೂರು ಸಲ ಕುಣಿಯಿತು. ಅಪ್ಪನವರು ಪಕ್ಕದಲ್ಲಿ ನಿಂತು ಗೇಜು ಹಿಡಿದರು: ಮುಂದೆ 34, ಹಿಂದೆ 36. ಹವಾ ಇಳಿಸಿ ಊರೊಳಗೆ ಉಣಕಲ್ ಕೆರೆಯ ತನಕ ಮೆಲ್ಲಗೆ ಹೋಗಿ ಬಂದದ್ದಕ್ಕೇ ಸ್ಟೇರಿಂಗಿನ ಹೊಡೆತದಲ್ಲಿ ವ್ಯತ್ಯಾಸ ಕಂಡಿತು. ಆದರೂ ಈ ಟೈರುಗಳ ಮೇಲೆ ಗದಗಿಗೆ ಹೋಗುವುದಿಲ್ಲ, ಈ ತಿಂಗಳು ಬಸ್ಸಿಗೇ ಹೋಗುತ್ತೇವೆ. ಮೊದಲು ಹಿಂದಿನ ಶಾಕ್ ಅಬ್ಸಾರ್ಬರ್ ಮತ್ತು ಪಾಟಾ ಕೆಲಸ, ಅದರ ಮುಂದಿನ ವಾರ 165/80 ಆರ್ 14 ಐದು ಟೈರು, ಐದು ಹೊಸ ಟ್ಯೂಬು. ಒಂದನ್ನು ಮೊದಲು ಕೂರಿಸಿ ನೋಡಲು ಅಂಗಡಿಯವರು ಒಪ್ಪಿದ್ದಾರೆ. ಒಳಗಿನ ಚೀಟಿ ಕೀಳುವಾಗ ನಾನು ಅಲ್ಲಿಯೇ ಇರುತ್ತೇನೆ.