ಮ್ಯಾನ್ಯುಯಲ್ ಆಗಿ ಅನ್ನೋದಕ್ಕೆ ‘ಕೈಯಾರೆ’ ಸರಿಯಾ?

ಗೆಳೆಯರೇ,

ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಅಕ್ಕನ ಮಗನಿಗೆ ಹಳೇ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹಾಕಿಕೊಟ್ಟೆ. ಬರೀ ಕರಿ ಪರದೆ. ಮೂಲೆಯಲ್ಲಿ ಕ್ಲಿಕ್ ಮಾಡಿ ವೈಫೈ ಆರಿಸುವ ಸುಖ ಅಲ್ಲಿಲ್ಲ, ಎಲ್ಲಾ ಟೈಪ್ ಮಾಡಿಯೇ ಆಗಬೇಕು. ವೈಫೈ ಜೋಡಿಸುವುದು ಹೇಗೆ ಅಂತ ಅವನಿಗೆ ಕನ್ನಡದಲ್ಲಿ ಒಂದು ಪುಟದ ಟಿಪ್ಪಣಿ ಬರೆಯಲು ಕೂತೆ. ತಲೆಬರಹದಲ್ಲೇ, ‘ಮ್ಯಾನ್ಯುಯಲ್ ಆಗಿ’ ಅನ್ನುವಲ್ಲಿ ಸಿಕ್ಕಿಕೊಂಡೆ.

ಅನುವಾದಗಳಲ್ಲಿ ‘ಹಸ್ತಚಾಲಿತವಾಗಿ’ ಅಂತ ಇರುತ್ತದೆ. ನನಗೆ ಒಗ್ಗಲಿಲ್ಲ. ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರಕ್ಕೆ, ಬೋರಿನ ಪಂಪಿಗೆ ಅದು ಸರಿ. ಇಲ್ಲಿ ಕೈ ಏನನ್ನೂ ತಿರುಗಿಸುತ್ತಿಲ್ಲ. ತಾನಾಗಿ ಆಗುತ್ತಿದ್ದ ಕೆಲಸವನ್ನು ನಾವೇ ಒಂದೊಂದಾಗಿ ಮಾಡುತ್ತೇವೆ, ಅಷ್ಟೇ.

‘ಕೈಯಾರೆ’ ಅಂತ ಬರೆದೆ. ಬರೆದ ಮೇಲೆ ಅನುಮಾನ ಶುರುವಾಯಿತು. ಈ ಪದಕ್ಕೆ ಒಂದು ಬಣ್ಣ ಇದೆ, ಅಲ್ವಾ? ‘ಅಜ್ಜಿ ಕೈಯಾರೆ ಬಡಿಸಿದಳು’ ಅಂದರೆ ಪ್ರೀತಿ. ‘ಕೈಯಾರೆ ಹಾಳು ಮಾಡಿಕೊಂಡ’ ಅಂದರೆ ಬೈಗುಳ. ಕಣ್ಣಾರೆ, ಮನಸಾರೆ ಇವುಗಳ ಸಾಲಿನದು. ನಮ್ಮಲ್ಲಿ ‘ಮಂಡಕ್ಕಿ ಕೈಯಿಂದ ಕಲಸು’ ಅನ್ನುತ್ತೇವೆ. ‘ಕೈಯಾರೆ ಕಲಸು’ ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಅಮ್ಮ ಮೊಳಕಾಲ್ಮೂರಿನ ಕಡೆಯವಳು, ಕೈಮಗ್ಗದ ರೇಷ್ಮೆ ಸೀರೆಯ ಊರು. ಅದರಿಂದಲೇ ಹೊಳೆಯಿತು. ಕೈಮಗ್ಗ, ಕೈಬರಹ, ಕೈಗಾಡಿ ಇದ್ದ ಹಾಗೆ ‘ಕೈಜೋಡಣೆ’ ಅನ್ನಬಹುದಲ್ಲ? ಅಮ್ಮನಿಗೆ ಹೇಳಿದೆ. “ಕಂಪ್ಯೂಟರಿಗೆ ಕೈಮುಗಿಯೋದಾ?” ಅಂದಳು. ಅಲ್ಲಿಗೆ ಅದೂ ಹೋಯಿತು.

ಇನ್ನೊಂದು ಪದವೂ ಕಾಡುತ್ತಿದೆ. ಲ್ಯಾಪ್‌ಟಾಪನ್ನು ವೈಫೈಗೆ ಜೋಡಿಸುವ ಪ್ರೋಗ್ರಾಮಿನ ಹೆಸರು ಡಬ್ಲ್ಯೂಪಿಎ ಸಪ್ಲಿಕಂಟ್. ಮೊದಲು ವೈಫೈ ಕಾರ್ಡನ್ನು ಎಬ್ಬಿಸಬೇಕು. ಆಮೇಲೆ ನೆಟ್‌ವರ್ಕಿನ ಹೆಸರು, 8ರಿಂದ 63 ಅಕ್ಷರದ ಪಾಸ್‌ವರ್ಡ್ ಎರಡನ್ನೂ ಒಂದು ಕಡತದಲ್ಲಿ ಬರೆದಿಡಬೇಕು. ಸಪ್ಲಿಕಂಟ್ ಅದನ್ನು ಓದಿಕೊಂಡು ರೂಟರಿನ ಬಾಗಿಲಿಗೆ ಹೋಗುತ್ತದೆ. ಒಳಗೆ ಬಿಟ್ಟ ಮೇಲೆ ಡಿಎಚ್‌ಸಿಪಿ ಅನ್ನುವ ವಿಳಾಸ ಹಂಚುವ ವ್ಯವಸ್ಥೆಯ ಮೂಲಕ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಲ್ಯಾಪ್‌ಟಾಪನ್ನು ಗುರುತಿಸುವ ಸಂಖ್ಯೆ) ಕೇಳಿ ಪಡೆಯಬೇಕು. (ಈ ಕೊನೆಯದನ್ನು ಮರೆತು ಅರ್ಧ ಗಂಟೆ ಒದ್ದಾಡಿದೆ. ಸಂಪರ್ಕ ಆಗಿದೆ ಅನ್ನುತ್ತದೆ, ಒಂದು ಪುಟವೂ ತೆರೆಯುವುದಿಲ್ಲ.)

ಸಪ್ಲಿಕಂಟ್ ಅಂದರೆ ಬೇಡಿಕೊಳ್ಳುವವನು. ‘ಯಾಚಕ’ ಅಂದರೆ ಭಿಕ್ಷೆಗೆ ಬಂದ ಹಾಗಾಗುತ್ತದೆ. ‘ಅರ್ಜಿದಾರ’ ಅಂದರೆ ತಾಲ್ಲೂಕು ಕಚೇರಿಯ ಸಾಲು ನೆನಪಾಗುತ್ತದೆ. ನಿಜ ಹೇಳಬೇಕೆಂದರೆ ಅದು ಬೇಡುವುದೂ ಇಲ್ಲ. ಡಬ್ಲ್ಯೂಪಿಎ2 ಅನ್ನುವ ವೈಫೈ ಭದ್ರತಾ ಪದ್ಧತಿಯಲ್ಲಿ ಪಾಸ್‌ವರ್ಡನ್ನು ಬಾಯಿಬಿಟ್ಟು ಹೇಳದೆಯೇ, ತನಗೆ ಗೊತ್ತಿದೆ ಅಂತ ರೂಟರಿಗೆ ತೋರಿಸಿಕೊಡುತ್ತದೆ. ಒಗಟು ಬಿಡಿಸಿ ಒಳಗೆ ಬರುವ ನೆಂಟನ ಹಾಗೆ. ಹಾಗಾಗಿ ಅದನ್ನು ಸದ್ಯ ಸಪ್ಲಿಕಂಟ್ ಅಂತಲೇ ಬಿಟ್ಟಿದ್ದೇನೆ.

ತಲೆಬರಹಕ್ಕೆ ‘ವೈಫೈ: ನೀವೇ ಜೋಡಿಸಿಕೊಳ್ಳಿ’ ಅಂತ ಹಾಕಿದ್ದೇನೆ, ಪೆನ್ಸಿಲಿನಲ್ಲಿ. ನಿಮ್ಮ ಕಡೆ ‘ಕೈಯಾರೆ’ಯನ್ನು ಪ್ರೀತಿ, ಬೈಗುಳ ಎರಡೂ ಇಲ್ಲದೆ, ಸುಮ್ನೆ ‘ಕೈಯಿಂದ’ ಅನ್ನುವ ಅರ್ಥದಲ್ಲಿ ಬಳಸುವುದುಂಟಾ? ಉಂಟು ಅನ್ನುವವರು ಮನೆಯಲ್ಲಿ ಕೇಳಿದ ಒಂದು ವಾಕ್ಯವನ್ನೂ ಬರೆಯಿರಿ.