ಪರಿಸರ ಎಂಜಿನಿಯರಿಂಗ್ ಓದಬೇಕು ಅಂತಿದ್ದೇನೆ, ಆದರೆ ಸಿಲಬಸ್ ತುಂಬಾ ಗಣಿತವೇ ಇದೆಯಲ್ಲ?

ಪ್ರಶ್ನೆ: ಮುಂದಿನ ವರ್ಷ ಯೂನಿವರ್ಸಿಟಿ ಸೇರಬೇಕು. ನದಿ, ಕೆರೆ ಕೆಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ಅದಕ್ಕೇ ಪರಿಸರ ಎಂಜಿನಿಯರಿಂಗ್ ಓದುವ ಆಸೆ. ಆದರೆ ಸಿಲಬಸ್ ತೆಗೆದು ನೋಡಿದರೆ ಮೊದಲ ಎರಡು ವರ್ಷ ಗಣಿತ, ಫ್ಲೂಯಿಡ್ ಮೆಕ್ಯಾನಿಕ್ಸ್, ರಸಾಯನಶಾಸ್ತ್ರ. ಪರಿಸರದ ಹೆಸರೇ ಇಲ್ಲ. ನಾನು ಪರಿಸರ ವಿಜ್ಞಾನ ತಗೊಳ್ಳುವುದೇ ಸರಿನಾ?

ಉತ್ತರ: ನಾನು ಕೊಳಚೆ ನೀರು ಶುದ್ಧ ಮಾಡುವ ಘಟಕಗಳ ವಿನ್ಯಾಸ ಮಾಡುತ್ತೇನೆ. ಮೀನು ಯಾಕೆ ಸತ್ತಿತು ಎಂದು ಹುಡುಕುವುದು ನಿಮಗೆ ಇಷ್ಟವಾದರೆ ವಿಜ್ಞಾನ ತಗೊಳ್ಳಿ. ಇನ್ನೊಮ್ಮೆ ಸಾಯದಂತೆ ಎಷ್ಟು ದೊಡ್ಡ ಟ್ಯಾಂಕ್ ಕಟ್ಟಬೇಕು, ಎಷ್ಟು ಗಾಳಿ ಊದಬೇಕು ಎಂದು ಹೇಳುವ ಆಸೆ ಇದ್ದರೆ ಎಂಜಿನಿಯರಿಂಗ್. ಎರಡೂ ಬೇಕಾದ ಕೆಲಸವೇ.

ಗಣಿತಕ್ಕೆ ಹೆದರಬೇಡಿ. ದಿನಾ ಬಳಸುವ ಲೆಕ್ಕ ಒಂದೇ: ಎಷ್ಟು ಬಂತು, ಎಷ್ಟು ಹೋಯಿತು, ಒಳಗೆ ಎಷ್ಟು ಉಳಿಯಿತು, ಎಷ್ಟು ಬೇರೆ ರೂಪ ತಾಳಿತು. ಇದನ್ನೇ ಮಾಸ್ ಬ್ಯಾಲೆನ್ಸ್ ಅನ್ನುತ್ತೇವೆ. ದಿನಕ್ಕೆ 10 ಲಕ್ಷ ಲೀಟರ್ ಕೊಳಚೆ ಬರುತ್ತದೆ, ಲೀಟರಿಗೆ 240 ಮಿಲಿಗ್ರಾಂ ಬಿಒಡಿ (ಕೊಳೆಯ ಅಳತೆ, ಮುಂದೆ ಹೇಳುತ್ತೇನೆ) ಇದೆ ಅಂದುಕೊಳ್ಳಿ. ಗುಣಿಸಿದರೆ ದಿನಕ್ಕೆ 240 ಕಿಲೋ. ಗಾಳಿ ಎಷ್ಟು, ಮೋಟಾರ್ ಎಷ್ಟು ದೊಡ್ಡದು, ಎಲ್ಲಾ ಲೆಕ್ಕ ಈ 240 ಕಿಲೋದಿಂದಲೇ ಶುರು.

ಬಿಒಡಿ ಅಂದರೆ ನೀರಲ್ಲಿರುವ ಕೊಳೆಯನ್ನು ತಿನ್ನುವಾಗ ಬ್ಯಾಕ್ಟೀರಿಯಾ ಎಷ್ಟು ಆಮ್ಲಜನಕ ಬಳಸುತ್ತದೆ ಎಂಬ ಅಳತೆ. ಈ ಪರೀಕ್ಷೆ ಮಾಡಿದ ಮೇಲೆಯೇ ನನಗೆ ಈ ವಿಷಯ ಹಿಡಿಸಿದ್ದು. 300 ಮಿಲಿಲೀಟರ್ ಬಾಟಲಿಗೆ ಸ್ವಲ್ಪ ಕೊಳಚೆ ಹಾಕಿ, ಉಳಿದಷ್ಟನ್ನು ಆಮ್ಲಜನಕ ತುಂಬಿದ ಶುದ್ಧ ನೀರಿನಿಂದ ತುಂಬಬೇಕು. ಒಂದು ಗುಳ್ಳೆಯೂ ಉಳಿಯಬಾರದು. ಆಮೇಲೆ 20 ಡಿಗ್ರಿಯಲ್ಲಿ, ಕತ್ತಲಲ್ಲಿ, 5 ದಿನ ಇಡಬೇಕು. ಬೆಳಕು ಬಿದ್ದರೆ ಪಾಚಿ ಆಮ್ಲಜನಕ ಬಿಟ್ಟು ಲೆಕ್ಕ ಕೆಡಿಸುತ್ತದೆ. ಮೊದಲ ಸಲ ನಾನು ಕೊಳಚೆ ಜಾಸ್ತಿ ಹಾಕಿಬಿಟ್ಟಿದ್ದೆ. ಐದನೇ ದಿನ, ಉಳಿದ ಆಮ್ಲಜನಕ ಅಳೆಯಲು ರಾಸಾಯನಿಕ ಹಾಕಿದಾಗ ಬಾಟಲಿಯೊಳಗೆ ಕಂದು ಬಣ್ಣ ಬರಲಿಲ್ಲ, ಹಾಲಿನಂಥ ಬಿಳಿ ಚರಟ ಇಳಿಯಿತು. ಬಿಳಿ ಅಂದರೆ ಆಮ್ಲಜನಕ ಪೂರ್ತಿ ಖಾಲಿ. ಐದು ದಿನದ ಕೆಲಸ ಹೋಯಿತು. ಆದರೆ ಕೊಳಚೆ ಬಿದ್ದ ನದಿಯಲ್ಲಿ ಮೀನಿಗೆ ಏನಾಗುತ್ತದೆ ಎಂದು ಕಣ್ಣಾರೆ ಕಂಡೆ. 20 ಡಿಗ್ರಿಯಲ್ಲಿ ಒಂದು ಲೀಟರ್ ಶುದ್ಧ ನೀರು ಹಿಡಿದಿಡುವ ಆಮ್ಲಜನಕವೇ ಸುಮಾರು 9 ಮಿಲಿಗ್ರಾಂ. ಅಷ್ಟೇ ಇರುವುದು!

ಎರಡನೇ ಸಲ 5 ಮಿಲಿಲೀಟರ್ ಮಾತ್ರ ಹಾಕಿದೆ. ಆಮ್ಲಜನಕ 8.6ರಿಂದ 4.6ಕ್ಕೆ ಇಳಿಯಿತು. ವ್ಯತ್ಯಾಸ 4. ಕೊಳಚೆ 60 ಪಟ್ಟು ತೆಳುವಾಗಿತ್ತಲ್ವಾ, ಹಾಗಾಗಿ ಬಿಒಡಿ 240. ಬೇಕಾದ ಗಣಿತ ಇಷ್ಟೇ ಅಂತ ಹೇಳುತ್ತಿಲ್ಲ, ಕ್ಯಾಲ್ಕುಲಸ್ ಬೇಕೇ ಬೇಕು. ಆದರೆ ಅದರ ಹಿಂದೆ ಒಂದು ಬಾಟಲಿ ಇದೆ ಎಂದು ಗೊತ್ತಾದರೆ ಓದುವುದು ಸುಲಭ.

ಇನ್ನೊಬ್ಬರ ಪ್ರಶ್ನೆ: ನಾನು ಜೀವಶಾಸ್ತ್ರವನ್ನೇ ಓದಿಲ್ಲ. ಕಷ್ಟ ಆಗುತ್ತಾ?

ಉತ್ತರ: ಶುರುವಿನಲ್ಲಿ ಸ್ವಲ್ಪ ಆಗುತ್ತದೆ. ಆದರೆ ತಪ್ಪಿಸಿಕೊಳ್ಳುವ ಹಾಗಿಲ್ಲ, ಯಾಕೆಂದರೆ ನಮ್ಮ ಘಟಕಗಳಲ್ಲಿ ನಿಜವಾಗಿ ದುಡಿಯುವುದು ಬ್ಯಾಕ್ಟೀರಿಯಾ. 1914ರಲ್ಲಿ ಇಂಗ್ಲೆಂಡಿನ ಆರ್ಡರ್ನ್ ಮತ್ತು ಲಾಕೆಟ್ ಕೊಳಚೆ ನೀರಿಗೆ ಗಾಳಿ ಊದಿ, ತಳಕ್ಕೆ ಕೂತ ಕೆಸರನ್ನು ಚೆಲ್ಲದೆ ಉಳಿಸಿಕೊಂಡು, ಅದರ ಮೇಲೆ ಹೊಸ ಕೊಳಚೆ ಹಾಕಿ ನೋಡಿದರು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಗಂಟೆಗಳಿಗೆ ಇಳಿಯಿತು. ಆ ಕೆಸರು ಸುಮ್ನೆ ಕೆಸರಲ್ಲ, ಹಸಿದ ಬ್ಯಾಕ್ಟೀರಿಯಾಗಳ ಹಿಂಡು. ಇವತ್ತಿಗೂ ಜಗತ್ತಿನ ಬಹಳಷ್ಟು ಘಟಕಗಳು ನಡೆಯುವುದು ಇದೇ ವಿಧಾನದಲ್ಲಿ. ಕೆಸರನ್ನು ಒಂದು ಲೀಟರಿನ ಗಾಜಿನ ಸಿಲಿಂಡರಿಗೆ ಸುರಿದು 30 ನಿಮಿಷ ಬಿಟ್ಟರೆ ಅದರ ಆರೋಗ್ಯ ತಿಳಿಯುತ್ತದೆ. ಚೆನ್ನಾಗಿದ್ದರೆ ಕಂದು ಬಣ್ಣದ ಹತ್ತಿಯಂಥ ಉಂಡೆಗಳು ಕೆಳಗಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ದಾರದಂಥ ಬ್ಯಾಕ್ಟೀರಿಯಾ ಜಾಸ್ತಿಯಾಗಿದ್ದರೆ ಕೆಸರು ಕೂರುವುದೇ ಇಲ್ಲ. ಇಷ್ಟು ಅರ್ಥವಾಗುವ ಜೀವಶಾಸ್ತ್ರವನ್ನು ಕೋರ್ಸಿನಲ್ಲೇ ಕಲಿಸುತ್ತಾರೆ.

ಮೊದಲು ಕೇಳಿದವರು: ಸಿವಿಲ್ ಮುಗಿಸಿ ಮಾಸ್ಟರ್ಸ್‌ನಲ್ಲಿ ಪರಿಸರ ತಗೊಂಡರೆ? ಕಾಲೇಜು ಆರಿಸುವಾಗ ಏನು ನೋಡಲಿ?

ಉತ್ತರ: ಧಾರಾಳವಾಗಿ ತಗೊಳ್ಳಬಹುದು. ಸಿವಿಲ್, ಕೆಮಿಕಲ್ ಎರಡೂ ಕಡೆಯಿಂದ ಬಂದವರು ನಮ್ಮಲ್ಲಿದ್ದಾರೆ. ಕಾಲೇಜಿಗೆ ಹೋದಾಗ ಲ್ಯಾಬ್ ತೋರಿಸಿ ಅಂತ ಕೇಳಿ. ಅಲ್ಲಿ 20 ಡಿಗ್ರಿಯ ಇನ್‌ಕ್ಯುಬೇಟರ್ ಬಾಗಿಲು ತೆಗೆಸಿ ನೋಡಿ. ಒಳಗೆ ಈ ವಾರದ ತಾರೀಕು ಬರೆದ ಬಾಟಲಿಗಳಿದ್ದರೆ ಆ ಲ್ಯಾಬ್ ಬಳಕೆಯಲ್ಲಿದೆ ಅಂತ ಅರ್ಥ.